ನನ್ನ ಕೋಣೆಯಲ್ಲಿ ಒಮ್ಮೆಯೂ ಕೈಕೊಡದ ಪೆಟ್ಟಿಗೆ

ರಂಗದ ಬೆಳಕಿನ ಹುಚ್ಚು ಹತ್ತಿ, ಬೆಸುಗೆ ಹಾಕುವುದನ್ನು ತಾವಾಗಿಯೇ ಕಲಿತು, ತಮ್ಮ ಕೈಯಿಂದ ಮೂಡಿದ ಉಪಕರಣವನ್ನು ನಾಲ್ಕು ಜನ ಮೆಚ್ಚಿದಾಗ ‘ಇದನ್ನೇ ಮಾಡಿ ಮಾರಬಾರದೇಕೆ’ ಎಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಹಾಗೆ ಯೋಚಿಸಿದೆ, ಮಾಡಿದೆ, ಮಾರಿದೆ. ಪ್ರದರ್ಶನದ ನಡುವೆ ನನ್ನ ಪೆಟ್ಟಿಗೆ ಕೆಟ್ಟು, ಕತ್ತಲಲ್ಲಿ ಮೆಟ್ಟಿಲಿಳಿಯುತ್ತಿದ್ದ ನಟಿಯೊಬ್ಬರು ಬಿದ್ದು ಕಾಲು ಉಳುಕಿಸಿಕೊಂಡರು. ಮುಂಗಡ ಕೊಟ್ಟವರ ಹಣವೂ ಆ ಹೊತ್ತಿಗೆ ನನ್ನ ಬಳಿ ಉಳಿದಿರಲಿಲ್ಲ. ಎರಡನ್ನೂ ತಪ್ಪಿಸಬಹುದಿತ್ತು.

ಪೆಟ್ಟಿಗೆ ಎಂಥದು ಎಂಬುದನ್ನು ಮೊದಲು ಹೇಳುತ್ತೇನೆ. ರಂಗಸಜ್ಜಿಕೆಯ ಕಿಟಕಿ ಚೌಕಟ್ಟಿನಲ್ಲಿ, ಮೆಟ್ಟಿಲಿನ ಅಂಚಿನಲ್ಲಿ, ಸಿಂಹಾಸನದ ಬೆನ್ನಿನಲ್ಲಿ ಅಡಗಿಸಿಡುವ ಎಲ್‌ಇಡಿ ಪಟ್ಟಿಗಳನ್ನು ಬೆಳಕಿನ ಕನ್ಸೋಲ್‌ನಿಂದಲೇ (ರಂಗದ ದೀಪಗಳನ್ನೆಲ್ಲ ನಿಯಂತ್ರಿಸುವ ಮೇಜಿನಿಂದಲೇ) ಏರಿಸಿ ಇಳಿಸುವ, ಅಂಗೈಯಗಲದ ನಾಲ್ಕು ಚಾನೆಲ್‌ಗಳ ಡಿಮ್ಮರ್. ಅಗ್ಗದ ಡಿಮ್ಮರ್‌ಗಳಲ್ಲಿ ನನಗೆ ಸಹಿಸಲಾಗದ ಒಂದು ದೋಷವಿತ್ತು. ಕನ್ಸೋಲ್ ಉಪಕರಣಗಳಿಗೆ ಆದೇಶ ಕಳುಹಿಸುವ ಡಿಎಂಎಕ್ಸ್ ಎಂಬ ಪದ್ಧತಿಯ ಒಂದು ಚಾನೆಲ್‌ನಲ್ಲಿ 0ಯಿಂದ 255ರವರೆಗೆ 256 ಹಂತಗಳಷ್ಟೇ ಇರುವುದರಿಂದ, ಬೆಳಕು ತೀರಾ ಮಂದವಾಗಿರುವಾಗ 2ರಿಂದ 3ಕ್ಕೆ ಏರಿದ್ದೂ ಕಣ್ಣಿಗೆ ಕುಕ್ಕುತ್ತದೆ. ಮುಂಜಾವು ಮೆಲ್ಲಗೆ ಮೂಡಬೇಕಾದ ದೃಶ್ಯದಲ್ಲಿ ಬೆಳಕು ಕುಪ್ಪಳಿಸುತ್ತಾ ಬಂದರೆ ಆ ಮುಂಜಾವು ಸತ್ತಂತೆಯೇ. ನನ್ನ ಪೆಟ್ಟಿಗೆ ಒಳಗೊಳಗೆ 16 ಬಿಟ್‌ಗಳಲ್ಲಿ, ಅಂದರೆ ಇನ್ನೂ ಎಷ್ಟೋ ನವಿರಾದ ಹಂತಗಳಲ್ಲಿ, ಲೆಕ್ಕ ಹಾಕಿ, ಒಂದು ಹಂತದಿಂದ ಇನ್ನೊಂದಕ್ಕೆ ನಯವಾಗಿ ಜಾರುತ್ತಿತ್ತು. ಅದು ನಿಜವಾಗಿಯೂ ಚೆನ್ನಾಗಿತ್ತು, ಈಗಲೂ ಹಾಗೆಯೇ ಹೇಳುತ್ತೇನೆ. ತೊಂದರೆ ಇದ್ದದ್ದು ಅದರ ಸುತ್ತಲಿನ ಎಲ್ಲದರಲ್ಲಿ.

ಗೆಳೆಯರ ತಂಡಗಳಿಗೆಂದು ಮೊದಲು 12 ಪೆಟ್ಟಿಗೆಗಳನ್ನು ಮಾಡಿಕೊಟ್ಟೆ. ಒಂದೊಂದನ್ನೂ ನಾನೇ ಬೆಸೆದೆ, ನಾನೇ ಪರೀಕ್ಷಿಸಿದೆ. ಬಹುಪಾಲು ಪ್ರದರ್ಶನಗಳಲ್ಲಿ ಕನ್ಸೋಲ್ ಹಿಂದೆ ನಾನೇ ಕುಳಿತಿದ್ದೆ. ಎರಡು ವರ್ಷ ಒಂದು ದೂರೂ ಬರಲಿಲ್ಲ. ಆ ಎರಡು ವರ್ಷಗಳನ್ನು ನಾನು ಅಳತೆಗೋಲಾಗಿ ಹಿಡಿದೆ. ತಾಲೀಮಿನ ನಡುವೆ ಎಷ್ಟು ಸಲ ಎದ್ದು ಹೋಗಿ ಕೇಬಲ್ ಬದಲಿಸಿದ್ದೆ, ಎಷ್ಟು ಸಲ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದ್ದೆ ಎಂಬುದನ್ನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ. ಹವ್ಯಾಸಿಗೆ ಅವು ದೋಷಗಳೆಂದು ತೋರುವುದೇ ಇಲ್ಲ, ನಾಟಕದ ಸಂಜೆಯ ಸಹಜ ಓಡಾಟವೆಂದೇ ಅನ್ನಿಸುತ್ತವೆ. ಆದರೆ ಮಾರಿದ ವಸ್ತುವಿನ ಪಕ್ಕದಲ್ಲಿ ಅದನ್ನು ಮಾಡಿದವನು ನಿಂತಿರುವುದಿಲ್ಲ.

ಬಾಯಿಂದ ಬಾಯಿಗೆ ಸುದ್ದಿ ಹರಡಿ ಇನ್ನೂ 48 ಪೆಟ್ಟಿಗೆಗಳಿಗೆ ಬೇಡಿಕೆ ಬಂತು. ಅರ್ಧ ಹಣವನ್ನು ಮುಂಗಡವಾಗಿ ಪಡೆದೆ. ಅಷ್ಟನ್ನು ಕೈಯಲ್ಲಿ ಬೆಸೆಯಲಾಗದು ಎಂದು ಸರ್ಕ್ಯೂಟ್ ಬೋರ್ಡ್ ಜೋಡಿಸಿಕೊಡುವ ಒಂದು ಕಾರ್ಖಾನೆಗೆ ವಹಿಸಿದೆ. ಬೆಲೆಯನ್ನು ನಾನು ಆಗಲೇ ಹೇಳಿಬಿಟ್ಟಿದ್ದೆ. ಬಿಡಿಭಾಗಗಳ ಖರ್ಚಿನ ಮೇಲೆ ಸ್ವಲ್ಪ ಸೇರಿಸಿದ ಬೆಲೆ ಅದು. ಜೋಡಣೆಯ ಕೂಲಿ, ಕೆಟ್ಟುಹೋಗುವ ಬೋರ್ಡ್‌ಗಳು, ಪೆಟ್ಟಿಗೆಗೆ ಕೊರೆಯುವ ತೂತುಗಳು, ಸಾಗಣೆ, ಹಿಂದಿರುಗಿ ಬರುವ ಸರಕು ಯಾವುದೂ ಅದರಲ್ಲಿ ಇರಲಿಲ್ಲ. ನನ್ನ ಸಂಜೆಗಳಿಗಂತೂ ಬೆಲೆಯನ್ನೇ ಕಟ್ಟಿರಲಿಲ್ಲ. ಈಗ ಯಾರಾದರೂ ಕೇಳಿದರೆ, ಬಿಡಿಭಾಗಗಳ ಖರ್ಚಿನ ಮೂರು ಪಟ್ಟಿಗಿಂತ ಕಡಿಮೆಗೆ ಮಾರುವುದಾದರೆ ಶುರುವೇ ಮಾಡಬೇಡಿ ಎನ್ನುತ್ತೇನೆ. ಆಗ ಅದು ದುರಾಸೆಯಂತೆ ಕಂಡಿತ್ತು. ಲೆಕ್ಕ ಕೂಡದಿದ್ದಾಗ ಬೆಲೆ ಏರಿಸುವ ಧೈರ್ಯವಾಗದೆ ಪೆಟ್ಟಿಗೆಯೊಳಗೆ ಕತ್ತರಿ ಹಾಕಿದೆ.

ಆ ಕತ್ತರಿ ಎಲ್ಲಿಗೆ ಬಿತ್ತು ಎಂಬುದೇ ಈ ಬರಹದ ಕಾರಣ. ಡಿಎಂಎಕ್ಸ್ 512 ಎಂಬುದು 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ ರೂಪಿಸಿದ ಭಾಷೆ. ಒಂದೇ ಕೇಬಲ್‌ನಲ್ಲಿ 512 ಚಾನೆಲ್‌ಗಳು, ಸೆಕೆಂಡಿಗೆ 2,50,000 ಬಿಟ್‌ಗಳು. ಸಂಕೇತವನ್ನು ಹೊರುವುದು ಆರ್‌ಎಸ್-485 ಎಂಬ ವಿದ್ಯುತ್ ಪದ್ಧತಿ: ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದು. ಆದರೆ ಅದನ್ನು ಓದುವ ಐಸಿಗೂ (ಪುಟ್ಟ ಚಿಪ್‌ಗೂ) ಒಂದು ಮಿತಿಯಿದೆ. ಆ ಎರಡು ತಂತಿಗಳೂ ಒಟ್ಟಾಗಿ ತನ್ನ ನೆಲದಿಂದ, ಅಂದರೆ ಅದು ಸೊನ್ನೆ ವೋಲ್ಟ್ ಎಂದೆಣಿಸುವ ಮಟ್ಟದಿಂದ, ಕೆಳಗೆ 7 ವೋಲ್ಟ್, ಮೇಲೆ 12 ವೋಲ್ಟ್ ಸರಿದರೆ ಅದು ತಾಳಿಕೊಳ್ಳುತ್ತದೆ. ಅದನ್ನು ಮೀರಿದರೆ ತಪ್ಪು ಓದುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಆದ್ದರಿಂದಲೇ ಒಳ್ಳೆಯ ಉಪಕರಣದಲ್ಲಿ ಡಿಎಂಎಕ್ಸ್ ಬರುವ ಭಾಗವನ್ನು ಉಳಿದ ಭಾಗದಿಂದ ವಿದ್ಯುತ್ ಸಂಪರ್ಕವೇ ಇರದಂತೆ ಬೇರ್ಪಡಿಸುತ್ತಾರೆ. ವೇಗದ ಒಂದು ಆಪ್ಟೋಕಪ್ಲರ್ ಬೆಳಕಿನ ಮೂಲಕ ಸಂಕೇತವನ್ನು ದಾಟಿಸುತ್ತದೆ. ಆಚೆ ಬದಿಗೆ ವಿದ್ಯುತ್ ಕೊಡಲು ಪ್ರತ್ಯೇಕವಾದ ಒಂದು ಪುಟ್ಟ ಪರಿವರ್ತಕ ಇರುತ್ತದೆ. ನನ್ನ ಮೊದಲ 12 ಪೆಟ್ಟಿಗೆಗಳಲ್ಲಿ ಇವೆರಡೂ ಇದ್ದವು.

ಬಿಡಿಭಾಗಗಳ ಪಟ್ಟಿಯಲ್ಲಿ ಇವೇ ದುಬಾರಿ. ‘ಎರಡು ವರ್ಷದಲ್ಲಿ ಒಂದು ಐಸಿಯೂ ಸುಟ್ಟಿಲ್ಲ, ಇವು ಬೇಕೇ’ ಎಂದುಕೊಂಡು ಎರಡನ್ನೂ ಕೈಬಿಟ್ಟೆ. ಒಂದೂ ಸುಡದೇ ಇದ್ದದ್ದು ಅವು ಇದ್ದುದರಿಂದಲೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅವಿಲ್ಲದ ಮಾದರಿಯನ್ನು ಕೋಣೆಯಲ್ಲಿ ಒಂದು ವಾರ ಹಗಲಿರುಳು ಓಡಿಸಿದೆ, ಒಮ್ಮೆಯೂ ಕೈಕೊಡಲಿಲ್ಲ. ಕೈಕೊಡುವುದಾದರೂ ಹೇಗೆ? ಕನ್ಸೋಲ್, ಪೆಟ್ಟಿಗೆ, ಎಲ್‌ಇಡಿಯ ಪವರ್ ಸಪ್ಲೈ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದೆ. ಮೂರಕ್ಕೂ ಒಂದೇ ನೆಲ. ಕೇಬಲ್ ಎರಡು ಮೀಟರ್.

ಮೊದಲ ಪೆಟ್ಟು ಬಂದದ್ದು ಮಾತ್ರ ಬೇರೊಂದು ಕಡೆಯಿಂದ. ಪೆಟ್ಟಿಗೆಗಳನ್ನು ಕಳುಹಿಸಿ ಮೂರು ವಾರವಾಗಿರಲಿಲ್ಲ, ಬೆಳಕು ನಡುಗುತ್ತಿದೆ ಎಂಬ ದೂರುಗಳು ಶುರುವಾದವು. ವಿಚಿತ್ರವೆಂದರೆ ಒಂದೇ ರಂಗದಲ್ಲಿ 1ನೇ ಚಾನೆಲ್‌ಗೆ ಹೊಂದಿಸಿದ ಪೆಟ್ಟಿಗೆ ನಡುಗುತ್ತಿತ್ತು, 300ಕ್ಕೆ ಹೊಂದಿಸಿದ್ದು ಸ್ಥಿರವಾಗಿತ್ತು. ಕಾರಣ ಹುಡುಕಲು ಹತ್ತು ದಿನ ಹಿಡಿಯಿತು. ಡಿಎಂಎಕ್ಸ್‌ನಲ್ಲಿ ಸಂಖ್ಯೆಗಳು ಕಂತು ಕಂತಾಗಿ ಬರುತ್ತವೆ, ಪ್ರತಿ ಕಂತಿನ ತಲೆಯಲ್ಲಿ ಒಂದು ಆರಂಭ ಸಂಕೇತ ಇರುತ್ತದೆ. ಅದು 0 ಆಗಿದ್ದರೆ ಮಾತ್ರ ಮುಂದಿನವು ಬೆಳಕಿನ ಮಟ್ಟಗಳು. 2006ರಲ್ಲಿ ಮಾನಕವಾದ ಆರ್‌ಡಿಎಂ ಪದ್ಧತಿಯಲ್ಲಿ ಕನ್ಸೋಲ್ ಅದೇ ತಂತಿಯ ಮೇಲೆ ಉಪಕರಣಗಳೊಂದಿಗೆ ಮಾತನಾಡುತ್ತದೆ, ಆ ಕಂತುಗಳ ಆರಂಭ ಸಂಕೇತ 204. ನನ್ನ ತಂತ್ರಾಂಶ ಮೊದಲ ಸಂಖ್ಯೆಯನ್ನು ನೋಡದೆಯೇ ಎಸೆದು, ಹಿಂದೆ ಬಂದದ್ದನ್ನೆಲ್ಲ ಬೆಳಕೆಂದೇ ತಿಳಿಯುತ್ತಿತ್ತು. ಆ ಕಂತುಗಳು ಚಿಕ್ಕವಾದ್ದರಿಂದ ಮೊದಲ ಚಾನೆಲ್‌ಗಳಿಗಷ್ಟೇ ಕಾಟ. ನನ್ನ ಹಳೆಯ ಕನ್ಸೋಲ್‌ಗೆ ಆರ್‌ಡಿಎಂ ಗೊತ್ತೇ ಇಲ್ಲ. ಗೆಳೆಯರೂ ಅಂಥದ್ದನ್ನೇ ಬಳಸುತ್ತಿದ್ದರು.

ತಿದ್ದುಪಡಿ ಎರಡು ಸಾಲಿನದು. ಅದನ್ನು ಪೆಟ್ಟಿಗೆಗಳೊಳಗೆ ಸೇರಿಸುವ ದಾರಿಯೇ ಇರಲಿಲ್ಲ. ಹೊರಗಿನಿಂದ ತಂತ್ರಾಂಶ ಬದಲಿಸಲು ಒಂದು ಸಾಕೆಟ್ ಇಡುವುದನ್ನೂ ಖರ್ಚೆಂದು ಬಿಟ್ಟಿದ್ದೆ. 31 ಪೆಟ್ಟಿಗೆಗಳನ್ನು ತರಿಸಿಕೊಂಡು, ಬಿಚ್ಚಿ, ತಿದ್ದಿ, ಮತ್ತೆ ಕಳುಹಿಸಿದೆ. ಎರಡೂ ಕಡೆಯ ಸಾಗಣೆಗೆ ಖರ್ಚಾದದ್ದು ಮುಂಗಡದಲ್ಲಿ ಉಳಿದಿದ್ದ ಹಣ. ಪೆಟ್ಟಿಗೆಗಳೆಲ್ಲ ಬಿಚ್ಚಿ ಮೇಜಿನ ಮೇಲೆ ಹರಡಿದ್ದ ಆ ದಿನಗಳಲ್ಲಿ ಬಿಟ್ಟುಬಿಟ್ಟ ಆ ಎರಡು ಬಿಡಿಭಾಗಗಳನ್ನು ಕೂರಿಸಿಬಿಡಬಹುದಿತ್ತು. ಬೋರ್ಡ್‌ನಲ್ಲಿ ಅವುಗಳ ಜಾಗ ಖಾಲಿಯಾಗಿಯೇ ಇತ್ತು. ನಾನು ಆ ಖಾಲಿ ಜಾಗಗಳನ್ನು 31 ಸಲ ನೋಡಿದ್ದೇನೆ.

ಆ ಪ್ರದರ್ಶನಕ್ಕೆ ನಾನು ಪ್ರೇಕ್ಷಕನಾಗಿ ಹೋಗಿದ್ದೆ. ರಂಗದ ಮೇಲೆ ಏಳು ಮೆಟ್ಟಿಲು, ಪ್ರತಿ ಮೆಟ್ಟಿಲಿನ ಅಂಚಿನಲ್ಲಿ ಎಲ್‌ಇಡಿ ಪಟ್ಟಿ, ಎಲ್ಲವೂ ನನ್ನ ಎರಡು ಪೆಟ್ಟಿಗೆಗಳಿಗೆ ಸೇರಿದ್ದವು. ಎರಡನೆಯ ಅಂಕದಲ್ಲಿ ಇಡೀ ರಂಗ ಝಗ್ಗನೆ ಬೆಳಗಿ, ಮರುಕ್ಷಣವೇ ಕತ್ತಲಾಗಿ, ಆ ಮೆಟ್ಟಿಲುಗಳ ಅಂಚು ಮಾತ್ರ ತೆಳ್ಳಗೆ ಹೊಳೆಯಬೇಕು. ಹೊಳೆಯಿತು. ನಟಿ ಕೈಯಲ್ಲಿ ಮಡಿಸಿದ ಬಟ್ಟೆಯ ಗಂಟು ಹಿಡಿದು ಇಳಿಯತೊಡಗಿದರು. ನಾಲ್ಕನೆಯ ಮೆಟ್ಟಿಲಿಗೆ ಬಂದಾಗ ಅಂಚುಗಳೆಲ್ಲ ಒಮ್ಮೆಗೇ ಆರಿಹೋದವು. ಕತ್ತಲಲ್ಲಿ ಬಿದ್ದ ಸದ್ದು ಕೇಳಿಸಿತು. ಕೆಲಸದ ದೀಪ ಹಚ್ಚುವಷ್ಟರಲ್ಲಿ ಅವರು ಎದ್ದು ಕುಳಿತಿದ್ದರು. ಉಳಿದ ನಾಟಕವನ್ನು ಕುಳಿತೇ ಆಡಿ ಮುಗಿಸಿದರು. ಮೂಳೆ ಮುರಿಯಲಿಲ್ಲ. ಆರು ವಾರ ನಡೆಯಲು ಕಷ್ಟಪಟ್ಟರು. ನಾನು ನೇಪಥ್ಯಕ್ಕೆ ಹೋಗಿ ‘ಪೆಟ್ಟಿಗೆ ನನ್ನದು’ ಎಂದು ಹೇಳಿದಾಗ ಅವರು ಬೈಯಲಿಲ್ಲ. ‘ನೀವು ಮಾಡಿದ್ದೆಂದು ಗೊತ್ತಿತ್ತು, ಅದಕ್ಕೇ ಕಾಲಿನತ್ತ ನೋಡದೆ ಇಳಿದೆ’ ಎಂದರು.

ಮರುದಿನ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಅದೇ ರಂಗಮಂದಿರಕ್ಕೆ ಹೋದೆ. ಕನ್ಸೋಲ್ ಸಭಾಂಗಣದ ಹಿಂದೆ ಒಂದು ವಿದ್ಯುತ್ ಸಾಲಿನಲ್ಲಿತ್ತು, ಸಜ್ಜಿಕೆಯ ಪವರ್ ಸಪ್ಲೈ ರಂಗದ ಮೇಲೆ ಇನ್ನೊಂದರಲ್ಲಿ. ಎರಡರ ಅರ್ತಿಂಗ್ ನಡುವೆ ಸುಮ್ಮನಿದ್ದಾಗ 2 ವೋಲ್ಟ್. ಎಲ್ಲ ದೀಪಗಳನ್ನೂ ಒಟ್ಟಿಗೆ ಏರಿಸಿದಾಗ ಅದು 14 ದಾಟಿತು. ಆ ಎರಡು ನೆಲಗಳ ನಡುವೆ ಇದ್ದದ್ದು 60 ಮೀಟರ್ ಕೇಬಲ್ ಮತ್ತು ಅದರ ತುದಿಯಲ್ಲಿ ಯಾವ ರಕ್ಷಣೆಯೂ ಇಲ್ಲದ ನನ್ನ ಐಸಿ. ಕಟ್ಟಡದ ಅರ್ತಿಂಗ್ ಸರಿಯಿರಲಿಲ್ಲ ಎಂಬುದು ನಿಜ. ಹಾಗೆ ಹೇಳಿ ಜಾರಿಕೊಳ್ಳುವಂತೆ ಒಬ್ಬರು ನನಗೆ ಸೂಚಿಸಿದರು ಕೂಡ. ಆದರೆ ನಾಟಕದ ತಂಡ ಅಂಥ ಕಟ್ಟಡಗಳಲ್ಲೇ ಆಡುತ್ತದೆ, ಉಪಕರಣ ಅಂಥ ಕಟ್ಟಡಗಳನ್ನೇ ತಾಳಬೇಕು.

ಇನ್ನೊಂದು ತಪ್ಪು ಸುಟ್ಟ ಐಸಿಯದಲ್ಲ, ನನ್ನ ನಿರ್ಧಾರದ್ದು. ಸಂಕೇತ ನಿಂತರೆ ಪೆಟ್ಟಿಗೆ ಏನು ಮಾಡಬೇಕು? ಕೊನೆಯ ಮಟ್ಟವನ್ನೇ ಹಿಡಿದಿರಬಹುದು, ಆರಿಹೋಗಬಹುದು. ಕತ್ತಲ ದೃಶ್ಯ ಕೆಡಬಾರದೆಂದು ಒಂದು ಸೆಕೆಂಡಿನ ನಂತರ ಆರಿಹೋಗುವಂತೆ ಬರೆದಿದ್ದೆ. ಕಿಟಕಿಗೆ ಅದು ಸರಿ. ಮೆಟ್ಟಿಲಿಗೆ ಅಪಾಯ. ಅದನ್ನು ಪೆಟ್ಟಿಗೆಯ ಮೇಲೆ ಬರೆದಿರಲೂ ಇಲ್ಲ, ಕೊಂಡವರಿಗೆ ಹೇಳಿರಲೂ ಇಲ್ಲ. ಡಿಎಂಎಕ್ಸ್‌ನಲ್ಲಿ ದೋಷ ಪತ್ತೆಯ ವ್ಯವಸ್ಥೆ ಇಲ್ಲದ ಕಾರಣ ಸಿಡಿಮದ್ದು, ಚಲಿಸುವ ಸಜ್ಜಿಕೆಯಂಥ ಅಪಾಯದ ಕೆಲಸಗಳಿಗೆ ಅದನ್ನು ಬಳಸಬಾರದೆಂದು ಮಾನಕವೇ ಎಚ್ಚರಿಸುತ್ತದೆ. ಕತ್ತಲಲ್ಲಿ ಮನುಷ್ಯರು ಕಾಲಿಡುವ ಅಂಚಿನ ದೀಪವನ್ನೂ ಆ ಪಟ್ಟಿಗೆ ಸೇರಿಸಿ. ಅದಕ್ಕೆ ಕನ್ಸೋಲ್‌ನ ಹಂಗಿಲ್ಲದ, ಸದಾ ಉರಿಯುವ ಬೇರೆ ಬೆಳಕು ಇರಲೇಬೇಕು.

ಹೊಸದಾಗಿ ಶುರುಮಾಡುವವರಲ್ಲಿ ನನ್ನದೊಂದು ಬೇಡಿಕೆ. ಮಾರುವ ಮೊದಲು ಐದು ಪೆಟ್ಟಿಗೆಗಳನ್ನು ನಿಮಗೆ ಪರಿಚಯವೇ ಇಲ್ಲದವರ ಕೈಗೆ ಕೊಟ್ಟು ಒಂದು ಇಡೀ ರಂಗಋತು ದೂರವಿರಿ. ಕರೆದರೂ ತಕ್ಷಣ ಓಡಿಹೋಗಿ ಸರಿಪಡಿಸಬೇಡಿ, ಏನಾಯಿತೆಂದು ಬರೆದುಕೊಳ್ಳಿ. ನೀವೇ ಪರೀಕ್ಷಿಸುವಾಗ ಕನ್ಸೋಲ್‌ಗೂ ಪೆಟ್ಟಿಗೆಗೂ ಬೇರೆ ಬೇರೆ ವಿದ್ಯುತ್ ಸಾಲು ಕೊಡಿ, ಉದ್ದನೆಯ ಹಳೆಯ ಕೇಬಲ್ ಹಾಕಿ, ಸಂಕೇತ ತುದಿಯಿಂದ ಪ್ರತಿಫಲಿಸದಂತೆ ಕೇಬಲ್‌ನ ಕೊನೆಯಲ್ಲಿ ಇರಬೇಕಾದ 120 ಓಮ್‌ನ ರೆಸಿಸ್ಟರ್ ತೆಗೆದು ನೋಡಿ, ಹಚ್ಚಿದ್ದಾಗಲೇ ಕೇಬಲ್ ಕಿತ್ತು ಚುಚ್ಚಿ, ಎರವಲು ತಂದಾದರೂ ಐದಾರು ಬಗೆಯ ಕನ್ಸೋಲ್‌ಗಳಿಗೆ ಜೋಡಿಸಿ. ಅಗ್ಗವೆಂದು ಮೂರು ಪಿನ್ನಿನ ಸಾಕೆಟ್ ಬೇಡ. ಮಾನಕ ಹೇಳುವುದು ಐದು ಪಿನ್ನಿನದನ್ನು. ಮೂರು ಪಿನ್ನಿನದು ಮೈಕ್‌ನ ಸಾಕೆಟ್, ಅವಸರದಲ್ಲಿ ಯಾರೋ ಧ್ವನಿ ಮಿಕ್ಸರ್ ಮೈಕ್‌ಗೆಂದು ಕೊಡುವ 48 ವೋಲ್ಟನ್ನು ನಿಮ್ಮ ಐಸಿಯೊಳಗೆ ಹರಿಸಿಯಾರು. ಮುಂಗಡದ ಹಣವನ್ನು ಬೇರೆ ಖಾತೆಯಲ್ಲಿಡಿ. ಪೆಟ್ಟಿಗೆ ಅವರ ಕೈ ಸೇರಿ, ಕೆಲವು ಪ್ರದರ್ಶನ ಕಳೆಯುವವರೆಗೆ ಅದು ನಿಮ್ಮದಲ್ಲ. ನನ್ನದು ಆ ಖಾತೆಯಲ್ಲಿ ಇದ್ದಿದ್ದರೆ ಎರಡನೆಯ ಸಲ ಎಲ್ಲವನ್ನೂ ವಾಪಸು ತರಿಸಲು ಸಾಲ ಮಾಡಬೇಕಿರಲಿಲ್ಲ. ಅಪಘಾತವಾದ ವಾರವೇ ತರಿಸುತ್ತಿದ್ದೆ. ಸಾಲ ಸಿಗಲು ಎರಡು ತಿಂಗಳು ಹಿಡಿಯಿತು. ಎಲ್ಲರಿಗೂ ಎಚ್ಚರಿಕೆಯ ಪತ್ರವನ್ನಂತೂ ಮರುದಿನವೇ ಕಳುಹಿಸಿದ್ದೆ. ಆದರೂ ಆ ಎರಡು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಪ್ರಮಾಣೀಕರಣದ ಬಗ್ಗೆ ಒಂದೇ ಮಾತು: ಯುರೋಪಿನಲ್ಲಿ ಸಿಇ, ಅಮೆರಿಕದಲ್ಲಿ ಎಫ್‌ಸಿಸಿ, ಹೀಗೆ ಆಯಾ ದೇಶದ ನಿಯಮವನ್ನು ಮೊದಲೇ ಓದಿ. ಪ್ರಯೋಗಾಲಯದ ಶುಲ್ಕ ಹತ್ತು ಪೆಟ್ಟಿಗೆಗೂ ಹತ್ತು ಸಾವಿರ ಪೆಟ್ಟಿಗೆಗೂ ಒಂದೇ.

48ರಲ್ಲಿ 41 ಪೆಟ್ಟಿಗೆಗಳು ಹಿಂದಿರುಗಿವೆ. ಎಲ್ಲಕ್ಕೂ ಆ ಎರಡು ಬಿಡಿಭಾಗಗಳನ್ನು ಕೂರಿಸಿ, ಸಂಕೇತ ನಿಂತಾಗ ಏನಾಗಬೇಕೆಂದು ಬಳಸುವವರೇ ಆರಿಸುವ ಸ್ವಿಚ್ ಇಟ್ಟು ಮರಳಿಸಿದ್ದೇನೆ. ಉಳಿದ ಏಳು ಕೈಯಿಂದ ಕೈಗೆ ಹೋಗಿ ಎಲ್ಲಿವೆಯೆಂದು ಪತ್ತೆಯಾಗಿಲ್ಲ. ನಿಮ್ಮ ತಂಡದ ಸಾಮಾನಿನಲ್ಲಿ ಅಂಗೈಯಗಲದ ಕಪ್ಪು ಲೋಹದ ನಾಲ್ಕು ಚಾನೆಲ್ ಡಿಮ್ಮರ್ ಇದ್ದು, ತಳದ ಚೀಟಿಯಲ್ಲಿ 13ರಿಂದ 60ರ ನಡುವಿನ ಸಂಖ್ಯೆ ಕೈಬರಹದಲ್ಲಿದ್ದರೆ, ವಿದ್ಯುತ್ ಕಿತ್ತು ನಾಲ್ಕು ಸ್ಕ್ರೂ ಬಿಚ್ಚಿ ನೋಡಿ. ಡಿಎಂಎಕ್ಸ್ ಸಾಕೆಟ್‌ನ ಪಕ್ಕದಲ್ಲಿ ಎರಡು ಜಾಗಗಳು ಖಾಲಿ ಕಂಡರೆ ಅದು ಆ ಏಳರಲ್ಲಿ ಒಂದು. ಇಂದು ಸಂಜೆಯ ಪ್ರದರ್ಶನಕ್ಕೂ ಅದನ್ನು ಬಳಸಬೇಡಿ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನನ್ನ ವಿಳಾಸವಿದೆ, ಸಾಗಣೆಯ ಖರ್ಚು ನನ್ನದು.