7,400 ಕೆಜಿ ಅಂದವನಿಗಿಂತ 6,700 ಅಂದವನೇ ಜಾಸ್ತಿ ಎತ್ತಿದ: ಎರಡು ವೀಲ್ ಲೋಡರ್‌ಗಳ ಹೋಲಿಕೆ

ಪಾಂಡವಪುರದ ಕಡೆ ಇರುವ ನಮ್ಮ ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ಯಾರ್ಡ್‌ಗೆ ಹೊಸ ಲೋಡರ್, ಅಂದರೆ ಮುಂದಿನ ಬಕೆಟ್‌ನಲ್ಲಿ ಮರಳು ಎತ್ತಿ ತುಂಬುವ ಗಾಡಿ, ಬೇಕಿತ್ತು. ಎರಡು ಕಡೆಯಿಂದ ಡೆಮೊಗೆ ಗಾಡಿ ತರಿಸಿದೆವು, ಎರಡೂ ಬಕೆಟ್‌ನಲ್ಲಿ ಸುಮಾರು 3 ಟನ್ ಎತ್ತುವ ಕ್ಲಾಸಿನವು. ಒಂದನ್ನು ಹಳದಿ ಗಾಡಿ, ಇನ್ನೊಂದನ್ನು ಬಿಳಿ ಗಾಡಿ ಅನ್ನೋಣ. ಹಳದಿಯ ಬ್ರೋಷರ್‌ನಲ್ಲಿ ಟಿಪ್ಪಿಂಗ್ ಲೋಡ್ 7,400 ಕೆಜಿ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಬಿಳಿಯದರಲ್ಲಿ 6,700. ನೋಡಿದವರೆಲ್ಲ ಹಳದಿಯೇ ಗಟ್ಟಿ ಅಂದರು.

ಆದರೆ ಆ ಎರಡು ಅಂಕಿಗಳನ್ನು ಅಳೆದ ರೀತಿಯೇ ಬೇರೆ. ಟಿಪ್ಪಿಂಗ್ ಲೋಡ್ ಅಂದರೆ ಗಾಡಿ ಎತ್ತುವ ತೂಕ ಅಲ್ಲ, ಮುಂದಕ್ಕೆ ಮಗುಚುವ ತೂಕ. ಬಕೆಟ್ ಅತಿ ಮುಂದಕ್ಕೆ ಚಾಚಿದ ಮಟ್ಟದಲ್ಲಿ ಇದ್ದಾಗ ಎಷ್ಟು ಭಾರ ಹಾಕಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ ಅನ್ನುವ ಲೆಕ್ಕ. ಹಳದಿಯ 7,400 ಗಾಡಿ ನೇರ ನಿಂತಾಗಿನದು. ಬಿಳಿಯ 6,700 ಪೂರ್ತಿ ತಿರುಗಿ ನಿಂತಾಗಿನದು. ಲೋಡರ್ ನಡುವಿನಲ್ಲಿ ಮಡಚಿ ತಿರುಗುತ್ತದೆ, ಎಂಜಿನ್ನು, ಕೌಂಟರ್‌ವೇಟು (ಬಕೆಟ್‌ನ ಭಾರಕ್ಕೆ ಸರಿದೂಗಿಸುವ ತೂಕ) ಎರಡೂ ಹಿಂಭಾಗದಲ್ಲಿ ಇರುತ್ತವೆ. ಮಡಚಿದಾಗ ಆ ಭಾರ ಬಕೆಟ್‌ನ ನೇರ ಹಿಂದೆ ಇರದೆ ಪಕ್ಕಕ್ಕೆ ಸರಿಯುತ್ತದೆ, ಹಾಗಾಗಿ ನೂರಕ್ಕೆ ಹತ್ತು ಹದಿನೈದರಷ್ಟು ಬಲ ಹೋಗುತ್ತದೆ. ಯಾರ್ಡ್‌ನಲ್ಲಿ ಗಾಡಿ ನೇರ ನಿಂತು ಕೆಲಸ ಮಾಡುವುದು ಎಲ್ಲಿ ಹೇಳಿ? ರಾಶಿಯಿಂದ ಟಿಪ್ಪರ್‌ಗೆ, ಟಿಪ್ಪರ್‌ನಿಂದ ರಾಶಿಗೆ, ದಿನವಿಡೀ ತಿರುಗುವುದೇ ಅದರ ಕೆಲಸ.

ಹಳದಿಯವರ ಹತ್ತಿರ ತಿರುಗಿದಾಗಿನ ಅಂಕಿ ಕೊಡಿ ಅಂತ ಕೇಳಿದ್ದಕ್ಕೆ ಬೇರೆ ಹಾಳೆ ತೆಗೆದು ತೋರಿಸಿದರು: 6,300. ಬಕೆಟ್ ಕೆಲಸಕ್ಕೆ ಲೋಡರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14397ರ ಪ್ರಕಾರ ತಿರುಗಿದಾಗಿನ ಟಿಪ್ಪಿಂಗ್ ಲೋಡ್‌ನ ಅರ್ಧ ಮಾತ್ರ ಲೆಕ್ಕಕ್ಕೆ. ಅಂದರೆ ಹಳದಿಗೆ 3,150 ಕೆಜಿ, ಬಿಳಿಗೆ 3,350.

ಈಗ ಬಕೆಟ್ ನೋಡಿ. ಹಳದಿಯದು 1.8 ಘನ ಮೀಟರ್, ಬಿಳಿಯದು 1.7. ಒಣ ಎಂ ಸ್ಯಾಂಡ್ ಘನ ಮೀಟರಿಗೆ ಸುಮಾರು 1.7 ಟನ್ ಅಂತ ಹಿಡಿದರೆ ಎರಡೂ ಸರಿಹೋಗುತ್ತವೆ. ಆದರೆ ನಮ್ಮದು ತೊಳೆದ ಮರಳು, ನೀರು ಬಸಿಯುವ ಮುಂಚೆಯೇ ಲೋಡ್ ಆಗುತ್ತದೆ, 1.9 ಟನ್ ತನಕ ತೂಗುತ್ತದೆ. ಹಳದಿಯ ತುಂಬಿದ ಬಕೆಟ್ 3,420 ಕೆಜಿ ಆಯ್ತು, ಮಿತಿ ದಾಟಿತು. ಬಿಳಿಯದು 3,230, ಮಿತಿಯ ಒಳಗೆ. ಲೆಕ್ಕ ಸರಿಯಾ ಅಂತ ವೇಬ್ರಿಡ್ಜ್‌ನಲ್ಲಿ ಖಾಲಿ ಟಿಪ್ಪರ್ ತೂಗಿ, ಬಕೆಟ್ ಎಣಿಸಿ ತುಂಬಿಸಿ ಮತ್ತೆ ತೂಗಿದೆವು. ಹೆಚ್ಚೂಕಮ್ಮಿ ಹಾಗೇ ಬಂತು.

ವ್ಯತ್ಯಾಸ ಕಣ್ಣಿಗೇ ಕಂಡಿತು. ಹಳದಿ ಗಾಡಿ ಹಸಿ ಮರಳು ತುಂಬಿಕೊಂಡು ಪೂರ್ತಿ ತಿರುಗಿ ಬಕೆಟ್ ಎತ್ತುವಾಗ ನಾನು ಒಳಗಿನ ಬದಿಯ ಹಿಂದಿನ ಟೈರನ್ನೇ ನೋಡುತ್ತಿದ್ದೆ. ಭಾರಕ್ಕೆ ಟೈರು ನೆಲ ತಾಗುವ ಕಡೆ ಉಬ್ಬಿರುತ್ತದಲ್ಲ, ಬಕೆಟ್ ಹಿಡಿದ ತೋಳು ನೆಲಕ್ಕೆ ಅಡ್ಡಕ್ಕೆ, ಅಂದರೆ ಅತಿ ಮುಂದಕ್ಕೆ ಬರುತ್ತಿದ್ದಂತೆ ಆ ಉಬ್ಬು ಕಡಿಮೆಯಾಯಿತು. ತೋಳು ಇನ್ನೂ ಮೇಲೆ ಹೋದ ಮೇಲೆ ಮತ್ತೆ ಉಬ್ಬಿತು. ಆಪರೇಟರ್‌ಗೂ ಹಿಂದೆ ಹಗುರಾದದ್ದು ಗೊತ್ತಾಗಿ, ಆಮೇಲೆ ಬಕೆಟ್ ಮುಕ್ಕಾಲೇ ತುಂಬಿಸಿದರು. ಮುಕ್ಕಾಲು ತುಂಬಿಸುವುದಾದರೆ ದೊಡ್ಡ ಬಕೆಟ್ ಯಾಕೆ? ಡೀಸೆಲ್ ಅಷ್ಟೇ ಸುಡುತ್ತದೆ, ಟಿಪ್ಪರ್‌ಗೆ ಒಂದು ಬಕೆಟ್ ಜಾಸ್ತಿ ಬೇಕು.

ಹಳದಿ ಗೆದ್ದ ಕಡೆಯೂ ಇದೆ. ಬ್ರೇಕ್‌ಔಟ್ ಫೋರ್ಸ್, ಅಂದರೆ ಬಕೆಟ್ ಮಡಚಿ ರಾಶಿಯನ್ನು ಕೀಳುವ ಬಲ, ಅದರಲ್ಲಿ ಚೆನ್ನಾಗಿತ್ತು. ಮಳೆಗೆ ಗಟ್ಟಿಯಾದ ಡಸ್ಟ್ (ಕಲ್ಲಿನ ಪುಡಿ) ರಾಶಿಗೆ ನುಗ್ಗಿ ಒಂದೇ ಸಲಕ್ಕೆ ತುಂಬಿಕೊಂಡಿತು, ಬಿಳಿ ಅಲ್ಲಿ ಎರಡನೇ ಸಲ ನುಗ್ಗಬೇಕಾಯಿತು. ಹೈಡ್ರಾಲಿಕ್ ಲಿಫ್ಟ್ ಕೆಪಾಸಿಟಿ ಅಂತ ಇನ್ನೊಂದು ದೊಡ್ಡ ಅಂಕಿ ಹಳದಿಯವರು ತೋರಿಸಿದರು. ಅದು ತೋಳು ಎತ್ತುವ ಸಿಲಿಂಡರ್‌ನ ಬಲ ಅಷ್ಟೇ. ಸಿಲಿಂಡರ್ ಎತ್ತುತ್ತದೆ ಅಂದ ಮಾತ್ರಕ್ಕೆ ಗಾಡಿ ಮಗುಚದೆ ನಿಲ್ಲುತ್ತದೆ ಅಂತ ಅಲ್ಲ.

ನಿಮ್ಮದು ಬೇರೆ ಕೆಲಸವಾದರೆ ಲೆಕ್ಕ ಬದಲಾಗುತ್ತದೆ. ಮಂಡ್ಯದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ತುಂಬುವವರಿಗೆ ಈ ಚಿಂತೆಯೇ ಬೇಡ. ಸಡಿಲ ಸಿಪ್ಪೆ ಘನ ಮೀಟರಿಗೆ ಇನ್ನೂರು ಕೆಜಿಯೂ ಬರುವುದಿಲ್ಲ, ಅವರು ನೋಡಬೇಕಾದ್ದು ಬಕೆಟ್ ಅಳತೆ ಮತ್ತು ಸುರಿಯುವ ಎತ್ತರ. ಬಕೆಟ್ ಬದಲು ಫೋರ್ಕ್ (ಮುಂದಕ್ಕೆ ಚಾಚಿದ ಕಬ್ಬಿಣದ ಕವಲು) ಹಾಕಿ ಕಲ್ಲು ಎತ್ತುವವರು ಮಾತ್ರ ಹುಷಾರಾಗಿರಿ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್, ಫೋರ್ಕ್‌ನಲ್ಲಿ ಭಾರ ಇನ್ನೂ ಮುಂದಕ್ಕೆ ಹೋಗುತ್ತದೆ, ಬಕೆಟ್ ಹಾಕಿದಾಗಿನ ಟಿಪ್ಪಿಂಗ್ ಲೋಡ್ ಅಲ್ಲಿಗೆ ಹೊಂದುವುದೇ ಇಲ್ಲ. ಫೋರ್ಕ್ ಹಾಕಿ ಅಳೆದ ಅಂಕಿ ಬೇರೆ ಕೇಳಿ. ಯುರೋಪಿನ ನಿಯಮದಲ್ಲಿ ಗಟ್ಟಿ ಸಮ ನೆಲಕ್ಕೆ ಅದರ ನೂರಕ್ಕೆ 80, ಏರುತಗ್ಗಿನ ನೆಲಕ್ಕೆ 60 ಅಂತ ಇಟ್ಟಿದ್ದಾರೆ. ನಮ್ಮ ಕಡೆಯ ಯಾರ್ಡ್‌ಗಳ ನೆಲ ನೋಡಿದರೆ 60 ಹಿಡಿಯುವುದೇ ಸರಿ.

ನಾವು ಬಿಳಿ ಗಾಡಿ ತಗೊಂಡೆವು. ಕೊಟೇಶನ್‌ನಲ್ಲಿ ಪೂರ್ತಿ ತಿರುಗಿದಾಗಿನ ಟಿಪ್ಪಿಂಗ್ ಲೋಡ್, ನಮಗೆ ಬರುವ ಬಕೆಟ್ ಹಾಕಿದಾಗಿನದು, ಭಾರಕ್ಕೆ ಟೈರು ಅದುಮಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿದು ಅಳೆದದ್ದು ಅಂತ ಬರೆಸಿಕೊಂಡೆವು. ಕ್ವಿಕ್ ಹಿಚ್ (ಬಕೆಟ್ ಬೇಗ ಬದಲಿಸುವ ಕೊಂಡಿ) ಬೇಡ ಅಂದೆವು, ಅದರ ತೂಕವೂ ಮರಳಿನ ಲೆಕ್ಕದಲ್ಲೇ ಕಳೆಯುತ್ತದೆ.