ಕಾವಾನೋ, ಚಿತ್ರಕಲಾ ಪರಿಷತ್ತೋ?

ಪಿಯುಸಿ ಮುಗಿಸಿ ಬಿವಿಎ (ದೃಶ್ಯಕಲೆಯ ಪದವಿ) ಓದಬೇಕೆನ್ನುವ ಮಡಿಕೇರಿ ಮಕ್ಕಳಿಗೆ ಈ ಎರಡು ಹೆಸರು ಗೊತ್ತೇ ಇರುತ್ತವೆ, ಅಲ್ವಾ? ಮೈಸೂರಿನ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಸರ್ಕಾರಿ ಕಾಲೇಜು, ಮನೆಯಿಂದ ಸುಮಾರು 120 ಕಿಲೋಮೀಟರ್. ಅದೇ ಊರಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆ ಇದೆ. ರವಿವರ್ಮನ ಮೂಲ ಚಿತ್ರದ ಮುಂದೆ ನಿಂತು, ಸೀರೆಯ ನೆರಿಗೆ ಮೇಲೆ ಬೆಳಕು ಹೇಗೆ ಬಿದ್ದಿದೆ ಎಂದು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಇನ್ನೂ ದೂರ, ಊಟ-ವಸತಿ ಖರ್ಚೂ ಜಾಸ್ತಿ. ಆದರೆ ಜನವರಿಯ ಚಿತ್ರಸಂತೆ ಅಂಗಳದಲ್ಲೇ ನಡೆಯುತ್ತದೆ, ಗ್ಯಾಲರಿಗಳೂ ಹತ್ತಿರ.

ನನ್ನ ಮತ ಮೈಸೂರಿಗೆ. ಬಿವಿಎಯ ನಾಲ್ಕು ವರ್ಷ ಅಲ್ಲಿ ಕೈ ಪಳಗಲಿ.

ಎಲ್ಲಿಗೇ ಅರ್ಜಿ ಹಾಕಿ, ತೋರಿಸುವ ಚಿತ್ರಗಳ ಫೈಲಿಗೆ ಫೋಟೋ ನೋಡಿ ನಕಲು ಮಾಡಿದ್ದನ್ನು ಸುಮ್ನೆ ತುಂಬಬೇಡಿ. ಕಣದಲ್ಲಿ ಕಾಫಿ ಹರಡುವ ಕೈಗಳನ್ನು ಎದುರಿಗೆ ಕೂತು ಬರೆಯಿರಿ. ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿಯುತ್ತದೆ. ಬೇಸಿಗೆಯಲ್ಲೇ ಶುರು ಮಾಡಿ.