ಅಂಗಳಕ್ಕೆ ಎಂತ ಲೈಟ್ ಹಾಕುದು? ನಾಲ್ಕು ನಮೂನೆ ಹಾಕಿ ನೋಡಿದ್ದು

ನಮ್ಮದು ಉಡುಪಿಯ ಕಲ್ಯಾಣಪುರ ಹತ್ರ ಹಳೆ ಹಂಚಿನ ಮನೆ, ಎದುರು ಅಂಗಳ, ಅಂಗಳದ ತುದಿಗೆ ಕಬ್ಬಿಣದ ಗೇಟು. ದೀಪಾವಳಿಗೆ ಗೂಡುದೀಪ ಮತ್ತೆ ಗೇಟಿಗೆ ಮಿಣಿಮಿಣಿ ಲೈಟು ಹಾಕಿದ್ರೆ ತುಳಸಿಪೂಜೆವರೆಗೆ ತೆಗಿಲಿಕ್ಕಿಲ್ಲ, ಅದು ಮುಗಿಯುವಾಗ ಆಚೆಮನೆ ಬಾಯಮ್ಮ ಕ್ರಿಸ್ಮಸ್ ನಕ್ಷತ್ರ ಕಟ್ಲಿಕ್ಕೆ ಕರೀತಾರೆ, ಅಲ್ಲಿಯೂ ಸ್ಟೂಲು ಹತ್ತುದು ನಾನೇ. ಹಾಗಾಗಿ ಮೂರು ನಾಲ್ಕು ವರ್ಷದಲ್ಲಿ ಅಂಗಡಿಯಲ್ಲಿ ಸಿಗುವ ಎಲ್ಲಾ ಜಾತಿ ಲೈಟೂ ಹಾಕಿ ಆಯ್ತು. ಯಾವುದು ಚಂದ ಅನ್ನುದು ಮನೆಯವಳ ಡಿಪಾರ್ಟ್‌ಮೆಂಟು, ನಾನು ನೋಡಿದ್ದು ಯಾವುದು ಶಾಕ್ ಹೊಡಿಯುದಿಲ್ಲ ಅಂತ. ನಮ್ಮಲ್ಲಿ ದೀಪಾವಳಿ ಟೈಮಲ್ಲಿ ಸಂಜೆ ಆಗುವಾಗ ಗುಡುಗು ಮಳೆ ಗ್ಯಾರಂಟಿ ಅಲ್ವಾ, ಉಪ್ಪು ಗಾಳಿಗೆ ಜಾಯಿಂಟೆಲ್ಲ ಹಸಿರು ಹಿಡಿಯುದು ಬೇರೆ.

ಮೊದಲು ಹಳೆ ಕಾಲದ ಸೀರಿಯಲ್ ಸೆಟ್ಟು, ಅಕ್ಕಿಯಷ್ಟು ಸಣ್ಣ ಬಲ್ಬಿನದ್ದು. ಬೆಳಕು ಈಗಲೂ ನಂಗೆ ಅದೇ ಇಷ್ಟ. ಎಲ್ಲಾ ಬಲ್ಬು ಒಂದರ ಹಿಂದೆ ಒಂದು ಇರ್ತದೆ, 230 ವೋಲ್ಟು ಹಂಚಿ ಹೋಗಿ ಒಂದೊಂದಕ್ಕೆ ನಾಲ್ಕೈದು ವೋಲ್ಟು, ಅಷ್ಟರಲ್ಲಿ ಎಂತ ಶಾಕು ಅಂತ ನಾನೂ ತುಂಬ ವರ್ಷ ಗ್ರಹಿಸಿದ್ದೆ. ಆದ್ರೆ ಆ ನಾಲ್ಕೈದು ವೋಲ್ಟು ಒಂದು ಬಲ್ಬಿನ ಎರಡು ವಯರಿನ ನಡುವೆ ಮಾತ್ರ ಮಾರಾಯ್ರೆ, ಫೇಸ್ (ಕರೆಂಟು ಬರುವ ವಯರು) ಕಡೆಯ ಬಲ್ಬಿನ ಬರಿ ವಯರು ಮುಟ್ಟಿ ನೀವು ನೆಲದಲ್ಲಿ ನಿಂತ್ರೆ ನಿಮಗೆ ಬರುದು ಪೂರ್ತಿ 230. ಬಲ್ಬು ಒಂದು ಎಳೆದು ತೆಗೆದ್ರೆ ಸೆಟ್ಟು ಆರ್ತದೆ, ಆದ್ರೆ ಪೂರಾ ವೋಲ್ಟೇಜು ಆ ಖಾಲಿ ಹೋಲ್ಡರಿನ ಎರಡು ತುದಿಗೆ ಬಂದು ಕೂತಿರ್ತದೆ, ನಾವು ಆರಿತಲ್ಲ ಅಂತ ಅಲ್ಲೇ ಬೆರಳು ಹಾಕುದು. ಮತ್ತೆ ಬಲ್ಬು ಹೋದಾಗೆಲ್ಲ ಎರಡು ವಯರು ತಿರುಚಿ ಟೇಪು ಸುತ್ತುವ ನಮ್ಮ ವಿದ್ಯೆ ಉಂಟಲ್ಲ, ಅದರಲ್ಲಿ ಉಳಿದ ಬಲ್ಬಿಗೆ ವೋಲ್ಟೇಜು ಜಾಸ್ತಿ ಆಗಿ ಬಿಸಿ ಏರ್ತದೆ, ಮತ್ತೊಂದು ಬೇಗ ಹೋಗ್ತದೆ. ನನ್ನ ಒಂದು ಸೆಟ್ಟಲ್ಲಿ ಹೀಗೆ ಏಳು ಬಲ್ಬು ಕಮ್ಮಿ ಇತ್ತು, ಗೂಡುದೀಪದ ಕಾಗದ ಕಂದು ಬಣ್ಣಕ್ಕೆ ತಿರುಗಿದ್ದು ನೋಡಿದ ಮೇಲೆ ಅದನ್ನು ಅಂಗಳಕ್ಕೆ ತರ್ಲಿಲ್ಲ.

ಎರಡನೇದು ಈಗ ಎಲ್ಲಾ ಕಡೆ ನೇತಾಡುವ ಎಲ್‌ಇಡಿ ಸೆಟ್ಟು, ನೇರ 230ಕ್ಕೆ ಸಿಕ್ಕಿಸುದು, ನೂರ ಇಪ್ಪತ್ತು ರೂಪಾಯಿಗೆ ತಂದದ್ದು. ಬಿಸಿ ಇಲ್ಲ, ಕರೆಂಟು ಬಿಲ್ಲೂ ಇಲ್ಲ ಅಂತ್ಲೇ ಹೇಳ್ಬಹುದು. ಆದ್ರೆ ಎಲ್‌ಇಡಿ ಅಂದ್ರೆ ಕಮ್ಮಿ ವೋಲ್ಟೇಜು ಅಂತ ಅಲ್ಲ, ಟ್ರಾನ್ಸ್‌ಫಾರ್ಮರ್ ಎಂತದೂ ಇಲ್ಲ ಅದರಲ್ಲಿ, ಲೈನಿನ ಕರೆಂಟೇ ಕೂದಲಿನ ಹಾಗಿನ ವಯರಲ್ಲಿ ಅಂಗಳಕ್ಕೆ ಬರುದು. ಕಳೆದ ದೀಪಾವಳಿಗೆ ಇದನ್ನು ಗೇಟಿಗೆ ಸುತ್ತಿದ್ದೆ. ಎರಡು ದಿನ ಗೇಟು ತೆಗೆದು ಹಾಕಿ ತೆಗೆದು ಹಾಕಿ ಹಿಂಜಿನ ಹತ್ರ ವಯರು ಸವೆದದ್ದು ಯಾರಿಗೂ ಗೊತ್ತಿಲ್ಲ, ಬಲಿಪಾಡ್ಯದ ಸಂಜೆ ಮಳೆ ಬಿಟ್ಟ ಮೇಲೆ ಬರಿಗಾಲಲ್ಲಿ ಹೋಗಿ ಚಿಲಕ ಹಿಡಿದೆ, ಮೊಣಕೈವರೆಗೆ ಜುಂ ಅಂತು. ಟೆಸ್ಟರ್ ತಂದು ಮುಟ್ಟಿಸಿದ್ರೆ ಇಡೀ ಗೇಟು ಲೈವ್! ಮೀಟರ್ ಬೋರ್ಡಿನಲ್ಲಿ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ, ಮಾತ್ರ ಆರಾಮಲ್ಲಿ ಇತ್ತು.

ಅದರ ತಪ್ಪಲ್ಲ ಅದು. ಎಂಸಿಬಿ ಬೀಳುದು ಓವರ್‌ಲೋಡ್ ಇಲ್ಲ ಶಾರ್ಟ್ ಆದ್ರೆ, ಆಂಪಿಯರ್ ಲೆಕ್ಕದಲ್ಲಿ. ಮನುಷ್ಯನ ಜೀವ ಹೋಗ್ಲಿಕ್ಕೆ ಅಷ್ಟೆಲ್ಲ ಬೇಡ. ಹೋದ ಕರೆಂಟು ವಾಪಸ್ ಬಂತಾ ಅಂತ ನೋಡುದು ಆರ್‌ಸಿಸಿಬಿ ಅಂತ ಬೇರೊಂದು ಸ್ವಿಚ್ಚು, 30 ಮಿಲಿಆಂಪಿಯರಿನದ್ದಾದ್ರೆ ಅಷ್ಟು ಸೋರುವಾಗ ಕಟ್ ಮಾಡ್ತದೆ. ಮರುವಾರ ಎಲೆಕ್ಟ್ರಿಷಿಯನ್ ಕರೆದು ಹಾಕಿಸಿದೆ, ಮಜೂರಿ ಸೇರಿ ಎರಡು ಸಾವಿರದ ಮೇಲೆ ಹೋಯ್ತು, ನಂತ್ರ ಅದೇ ಸೆಟ್ಟನ್ನು ಪುನಃ ಗೇಟಿಗೆ ಹಾಕಿ ಪೈಪಲ್ಲಿ ನೀರು ಬಿಟ್ಟು ದೂರ ನಿಂತು ಸ್ವಿಚ್ ಹಾಕಿದೆ, ಟಪ್ ಅಂತ ಬಿತ್ತು. (ನೀವು ಹೀಗೆ ಮಾಡ್ಬೇಡಿ ಆಯ್ತಾ, ಅದಕ್ಕೆ ಟೆಸ್ಟ್ ಬಟನ್ ಅಂತ ಒಂದು ಉಂಟು, ತಿಂಗಳಿಗೊಮ್ಮೆ ಒತ್ತಿದ್ರೆ ಆಯ್ತು.) ಫೇಸು ಮತ್ತೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವಯರು) ಎರಡನ್ನೂ ಒಟ್ಟಿಗೆ ಹಿಡಿದ್ರೆ ಮಾತ್ರ ಆರ್‌ಸಿಸಿಬಿಯೂ ಕಾಪಾಡುದಿಲ್ಲ, ಆಗ ಅದರ ಲೆಕ್ಕಕ್ಕೆ ನಾವೂ ಇನ್ನೊಂದು ಬಲ್ಬಿನ ಹಾಗೆಯೇ.

ಮೂರನೇದು 12 ವೋಲ್ಟಿನ ಸ್ಟ್ರಿಪ್ಪು. ಐದು ಮೀಟರ್ ರೋಲು, ಐದು ಆಂಪಿಯರ್ ಅಡಾಪ್ಟರು, ಒಟ್ಟು ಏಳುನೂರು ಚಿಲ್ಲರೆ. ಅಡಾಪ್ಟರು ಚಾವಡಿ ಒಳಗೆ, ಕಿಟಕಿಯಿಂದ ಹೊರಗೆ ಹೋಗುದು ಬರೀ 12. ಮಳೆಯಲ್ಲಿ ಗೇಟು ಹಿಡಿದೆ, ಎಂತದೂ ಇಲ್ಲ. ಸಮಸ್ಯೆ ಬೆಳಕಿಂದು, ಎರಡು ರೋಲು ಉದ್ದಕ್ಕೆ ಸೇರಿಸಿದ್ರೆ ತುದಿ ಮಂಕಾಗ್ತದೆ, ಪ್ರತಿ ರೋಲಿಗೂ ಅಡಾಪ್ಟರಿಂದ ಬೇರೆ ವಯರು ಎಳಿಬೇಕು. ಹೊರಗೆ ಹಾಕುದಾದ್ರೆ ಐಪಿ 65 ಅಂತ ಬರೆದದ್ದು ತಕೊಳ್ಳಿ, ಬರೀ 20 ಇದ್ರೆ ನೀರಿಗೆ ಆಗುದಿಲ್ಲ. ಅಂಗಡಿಯಲ್ಲಿ ದೊಡ್ಡ ರೋಲಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಸ್ಟ್ರಿಪ್ಪು ಇನ್ನೊಂದು ಉಂಟು, ನೋಡ್ಲಿಕ್ಕೆ ತಮ್ಮನ ಹಾಗೆ, ಆದ್ರೆ ಅದು 230ರದ್ದು, ಕತ್ತರಿಸಿದ ತುದಿಯಲ್ಲಿ ಕ್ಯಾಪು ಬಿದ್ರೆ ಅಲ್ಲಿ ಸಾವೇ ಇರುದು. ಕೇಳಿಯೇ ತಕೊಳ್ಳಿ.

ಸೋಲಾರ್ ಬಗ್ಗೆ ಹೇಳ್ಲಿಕ್ಕೆ ಹೆಚ್ಚಿಲ್ಲ. ಶಾಕಿನ ಭಯ ಇಲ್ಲ, ಆದ್ರೆ ತೆಂಗಿನ ಮರದ ನೆರಳು ಮತ್ತೆ ಮಧ್ಯಾಹ್ನದ ಮೋಡ ಸೇರಿ ಎಂಟು ಗಂಟೆಗೆ ಆರಿ ಹೋಗ್ತದೆ. ಎರಡನೇ ವರ್ಷಕ್ಕೆ ಬ್ಯಾಟರಿ ಸ್ಪ್ರಿಂಗು ತುಕ್ಕು.

ಈಗ ಅಂಗಳಕ್ಕೆ 12 ವೋಲ್ಟು ಮಾತ್ರ, 230ರ ಸೆಟ್ಟು ಚಾವಡಿ ದಾಟುದಿಲ್ಲ, ಸಿಡಿಲು ಶುರುವಾದ್ರೆ ಎಲ್ಲದರ ಪಿನ್ನು ಕೀಳುದು. ಬಾಯಮ್ಮನ ಮನೆಯಲ್ಲಿ ಆರ್‌ಸಿಸಿಬಿ ಇಲ್ಲ, ನಕ್ಷತ್ರಕ್ಕೆ ಹೋಲ್ಡರು, ಅದಕ್ಕೆ ನಾಲ್ಕು ಕಡೆ ಜಾಯಿಂಟ್ ಮಾಡಿದ ವಯರು. ಈ ಸಲ ಅದನ್ನು ಬಿಚ್ಚಿ ನನ್ನ ರೋಲಿಂದ ಅರ್ಧ ಮೀಟರ್ ಕತ್ತರಿಸಿ ಒಳಗೆ ಸುತ್ತಿ ಇಟ್ಟೆ, ಮೂರು ಮೂರು ಎಲ್‌ಇಡಿಗೆ ಒಂದು ಕಟ್ ಮಾರ್ಕ್ ಇರ್ತದೆ, ಅಲ್ಲೇ ಕತ್ತರಿಸ್ಬೇಕು. ಬಾಯಮ್ಮ ಗೇಟಿನ ಹತ್ರ ಹೋಗಿ ತಿರುಗಿ ನೋಡಿ, "ಬೆಳಕು ಸ್ವಲ್ಪ ಕಮ್ಮಿ ಆಯ್ತಲ್ವಾ ಮಗಾ" ಅಂದ್ರು. ಇನ್ನರ್ಧ ಮೀಟರ್ ಹಾಕಿ ಕೊಟ್ಟೆ.